ಕೊನೆಗೂ ಕೆಸರು ಮೇಲೆ ಬಂತು

ನಮ್ಮ ತಂಡದ ಸುದ್ದಿ ಬರೆದು ತುಂಬಾ ದಿನ ಆಯಿತು. ಕೆಲಸ ಜಾಸ್ತಿ ಇತ್ತು, ಸ್ವಲ್ಪ ಸೋಮಾರಿತನವೂ ಇತ್ತು ಅನ್ನಿ. ದೊಡ್ಡ ಸುದ್ದಿ ಏನಂದ್ರೆ, ಕೆರೆಯ ತಳದ ಕೆಸರು ಕೊನೆಗೂ ಒಡೆಯದೆ ಇಡಿಯಾಗಿ ಸಿಕ್ಕಿದೆ.

ದೋಣಿಯಿಂದ ಉದ್ದನೆಯ ಕೊಳವೆ ಇಳಿಸಿ, ವರ್ಷಗಟ್ಟಲೆ ಒಂದರ ಮೇಲೊಂದು ಕೂತ ಪದರಗಳು ಕಲಸಿಹೋಗದ ಹಾಗೆ ಕೆಸರನ್ನು ಮೇಲೆತ್ತಬೇಕು. ಮೊದಲ ಸಲ ಕೆಳಗಿನ ಮುಚ್ಚಳ ಹಾಕುವಷ್ಟರಲ್ಲಿ ಎಲ್ಲಾ ಜಾರಿ ನೀರುಪಾಲು! ಈಗ ಸಿಕ್ಕಿದ್ದನ್ನು ಒಂದೊಂದು ಸೆಂಟಿಮೀಟರ್ ದಪ್ಪದ ಬಿಲ್ಲೆಗಳಾಗಿ ಕತ್ತರಿಸಿ ಒಣಗಿಸುತ್ತಿದ್ದೇವೆ.

ಯಾವ ಪದರ ಯಾವ ಕಾಲದ್ದು ಅಂತ ಹೇಗೆ ಗೊತ್ತಾಗುತ್ತದೆ? ನನಗೆ ಇಷ್ಟವಾದ ಭಾಗ ಇದೇ. ಗಾಳಿಯಲ್ಲಿರುವ ರೇಡಾನ್ ಅನಿಲದಿಂದ ಸೀಸ-210 ಅನ್ನುವ ವಿಕಿರಣಶೀಲ ಸೀಸ ಹುಟ್ಟಿ, ಮಳೆ ಮತ್ತು ಧೂಳಿನ ಜೊತೆ ಕೆರೆಗೆ ಇಳಿಯುತ್ತದೆ. ಸುಮಾರು 22 ವರ್ಷಕ್ಕೊಮ್ಮೆ ಅದು ಅರ್ಧದಷ್ಟು ಕಡಿಮೆಯಾಗುತ್ತದೆ, ಹಾಗಾಗಿ ಎಷ್ಟು ಉಳಿದಿದೆ ಅಂತ ಅಳೆದರೆ ಹೆಚ್ಚುಕಡಿಮೆ 100ರಿಂದ 150 ವರ್ಷ ಹಿಂದಿನ ತನಕ ಲೆಕ್ಕ ಹಾಕಬಹುದು. ಆ ಲೆಕ್ಕ ಸರಿಯಿದೆಯಾ ಅಂತ ತಾಳೆ ನೋಡಲು ಸೀಸಿಯಂ-137 ಅನ್ನುವ ಇನ್ನೊಂದು ವಿಕಿರಣಶೀಲ ವಸ್ತು ಇದೆ. 1950ರ ದಶಕದಿಂದ ಬಯಲಲ್ಲಿ ಸಿಡಿಸಿದ ಅಣುಬಾಂಬುಗಳಿಂದ ಬಂದದ್ದು ಅದು. 1963ರ ಹೊತ್ತಿನ ಪದರದಲ್ಲಿ ಅತಿ ಹೆಚ್ಚು ಸಿಗುತ್ತದೆ. ಮನುಷ್ಯರ ಹುಚ್ಚಾಟವೇ ನಮಗೆ ಕ್ಯಾಲೆಂಡರ್, ವಿಚಿತ್ರ ಅಲ್ವಾ?

ಇನ್ನು ಕಾಯುವ ಕೆಲಸ. ಒಂದೊಂದು ಬಿಲ್ಲೆಯೂ ಈ ವಿಕಿರಣ ಅಳೆಯುವ ಗಾಮಾ ಡಿಟೆಕ್ಟರ್‌ನಲ್ಲಿ ಒಂದು ದಿನ, ಕೆಲವೊಮ್ಮೆ ಎರಡು ದಿನ ಕೂರಬೇಕು. ಬಿಲ್ಲೆಗಳು 48, ಡಿಟೆಕ್ಟರ್ ಒಂದೇ. ಆಮೇಲೆ ಪದರಗಳಲ್ಲಿ ಪಾದರಸ ಎಷ್ಟಿದೆ ಅಂತ ಅಳೆಯುವ ಕೆಲಸ ಬೇರೆ ಇದೆ. ಅಲ್ಲಿಯವರೆಗೆ ದಯವಿಟ್ಟು ಯಾರೂ 'ರಿಸಲ್ಟ್ ಬಂತಾ' ಅಂತ ಕೇಳಬೇಡಿ.