ವರ್ಲ್ಡ್‌ಕಾನ್‌ಗೆ ಹೋಗಲೋ ಬೇಡವೋ ಎನ್ನುವವರಿಗೆ: ಗ್ಲಾಸ್ಗೋ ಪ್ರವಾಸದ ಅನುಭವ

ವಿಜ್ಞಾನ ಕಥೆಗಳ ಓದುಗರ ವಿಶ್ವ ಸಮ್ಮೇಳನ ವರ್ಲ್ಡ್‌ಕಾನ್ 1939ರಲ್ಲಿ ನ್ಯೂಯಾರ್ಕ್‌ನಲ್ಲಿ ಶುರುವಾಯಿತು. ಮಹಾಯುದ್ಧದ ಕೆಲವು ವರ್ಷ ಬಿಟ್ಟರೆ ಪ್ರತಿವರ್ಷ ಒಂದೊಂದು ಊರಿನಲ್ಲಿ ನಡೆಯುತ್ತ ಬಂದಿದೆ. ಆದರೆ ಆ ಊರುಗಳಲ್ಲಿ ಹೆಚ್ಚಿನವು ಅಮೆರಿಕದವೇ. ಏಷ್ಯಾಕ್ಕೆ ಅದು ಬಂದದ್ದು 2007ರಲ್ಲಿ ಜಪಾನಿನ ಯೊಕೊಹಾಮಾಕ್ಕೆ, ಆಮೇಲೆ 2023ರಲ್ಲಿ ಚೀನಾದ ಚೆಂಗ್ಡುವಿಗೆ. ಹತ್ತಿರ ಬಂದಾಗ ನೋಡೋಣ ಎಂದು ಕುಳಿತರೆ ಆಯುಷ್ಯವೇ ಕಳೆದೀತು. 2024ರ ಆಗಸ್ಟ್ 8ರಿಂದ 12ರವರೆಗೆ ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ ಎಂದು ಗೊತ್ತಾದಾಗ ರಜೆ, ಖರ್ಚು, ಒಬ್ಬಳೇ ಹೋಗುವ ಅಳುಕು ಎಲ್ಲವನ್ನೂ ಅಳೆದು ಸುರಿದು ಕೊನೆಗೆ ಹೊರಟೆ.

ಹಣಕ್ಕಿಂತ ಮೊದಲು ವೀಸಾದ ಲೆಕ್ಕ ಹಾಕಿ. ಬ್ರಿಟನ್ನಿನ ಸಂದರ್ಶಕ ವೀಸಾಕ್ಕೆ ಪ್ರಯಾಣಕ್ಕೆ ಮೂರು ತಿಂಗಳಿರುವಾಗ ಮಾತ್ರ ಅರ್ಜಿ ಹಾಕಲು ಬರುತ್ತದೆ. ತೀರ್ಮಾನಕ್ಕೆ ಸಾಮಾನ್ಯವಾಗಿ ಮೂರು ವಾರ. ಆಗಸ್ಟ್ ಪ್ರಯಾಣವಾದರೆ ಮೇ ಹೊತ್ತಿಗೆ ಬ್ಯಾಂಕ್ ಸ್ಟೇಟ್‌ಮೆಂಟ್, ಕಚೇರಿಯ ರಜೆ ಪತ್ರ, ಸಮ್ಮೇಳನದ ಸದಸ್ಯತ್ವದ (ಇಲ್ಲಿ ಪ್ರವೇಶ ಟಿಕೆಟ್ಟಿಗೆ ಸದಸ್ಯತ್ವ ಎನ್ನುತ್ತಾರೆ) ರಸೀದಿ ಸಿದ್ಧವಿರಲಿ. ವೀಸಾ ಕೈಸೇರುವ ತನಕ ಹಣ ವಾಪಸಾಗದ ವಿಮಾನ ಟಿಕೆಟ್ ಕೊಳ್ಳಲೇಬೇಡಿ.

ಪಕ್ಕದ ಊರು ಎಡಿನ್‌ಬರ್ಗ್‌ನಲ್ಲಿ ಉಳಿದು ದಿನವೂ ಓಡಾಡುತ್ತೇನೆ ಎಂಬ ಯೋಚನೆಯನ್ನೂ ಕೈಬಿಡಿ. ರೈಲಿನಲ್ಲಿ ಒಂದು ಗಂಟೆಯೊಳಗಿನ ದಾರಿ ನಿಜ, ಆದರೆ ಆಗಸ್ಟ್ ಅಲ್ಲಿನ ಉತ್ಸವಗಳ ತಿಂಗಳು, ಕೋಣೆಗಳ ಬಾಡಿಗೆ ಗಗನಕ್ಕೇರಿರುತ್ತದೆ. ಸಮ್ಮೇಳನದ ಜೀವವೂ ಇರುವುದು ಸಂಜೆಯ ಮೇಲೆಯೇ. ನಾನು ಗ್ಲಾಸ್ಗೋ ಸೆಂಟ್ರಲ್ ನಿಲ್ದಾಣದ ಬಳಿ ಉಳಿದೆ. ಅಲ್ಲಿಂದ ರೈಲು ಹತ್ತಿದರೆ ಕೆಲವೇ ನಿಮಿಷಗಳಲ್ಲಿ ಎಕ್ಸಿಬಿಷನ್ ಸೆಂಟರ್ ನಿಲ್ದಾಣ. ಅಲ್ಲಿಂದ ಸಭಾಂಗಣದವರೆಗೂ ಮೇಲೆ ಹೊದಿಕೆಯಿರುವ ಕಾಲುದಾರಿ. ಆ ಊರಿನ ಮಳೆಗೆ ಇದು ದೊಡ್ಡ ಉಪಕಾರ.

ಒಳಗೆ ಒಂದೇ ಹೊತ್ತಿಗೆ ಹತ್ತಾರು ಗೋಷ್ಠಿಗಳು ನಡೆಯುತ್ತವೆ. ಎಲ್ಲವನ್ನೂ ಹಿಡಿಯಲು ಹೋದರೆ ಯಾವುದೂ ದಕ್ಕುವುದಿಲ್ಲ. ಗೌರವ ಅತಿಥಿಗಳಾಗಿದ್ದ ಲೇಖಕರು ನೆಡಿ ಒಕೊರಾಫೋರ್, ಕೆನ್ ಮೆಕ್ಲಾಯ್ಡ್ ಅವರಂಥವರ ಸಭೆಗಳಿಗೆ ಬೇಗ ಹೋಗಿ ಕೂರಬೇಕು. ಆದರೆ ನನ್ನ ಮಟ್ಟಿಗೆ ಸೊಗಸೆಲ್ಲ ಸಣ್ಣ ಕೋಣೆಗಳಲ್ಲಿ ಮತ್ತು ಮೊಗಸಾಲೆಯಲ್ಲಿತ್ತು. ಕೊರಳಿನ ಗುರುತುಪಟ್ಟಿಯ ಕೆಳಗೆ ಜನ ಬಣ್ಣಬಣ್ಣದ ರಿಬ್ಬನ್‌ಗಳನ್ನು ಒಂದರ ಕೆಳಗೊಂದು ಅಂಟಿಸಿಕೊಳ್ಳುತ್ತಾರೆ. ಕೆಲವರದು ಮೊಣಕಾಲು ಮುಟ್ಟುತ್ತದೆ. ಹಿರಿಯರೊಬ್ಬರು ತಮ್ಮದೊಂದನ್ನು ನನಗೆ ಕೊಟ್ಟು, ನಿಮ್ಮ ಭಾಷೆಯಲ್ಲಿ ವಿಜ್ಞಾನ ಕಥೆಗಳಿವೆಯೇ ಎಂದು ಕೇಳಿದರು. ಆ ಮಾತು ಕಾಫಿ ಆರುವವರೆಗೂ ನಡೆಯಿತು. ಒಬ್ಬಳೇ ಬಂದಿದ್ದೇನೆ ಎಂಬುದು ಆಮೇಲೆ ನನಗೆ ನೆನಪಾಗಲೇ ಇಲ್ಲ. ಇಷ್ಟನ್ನೆಲ್ಲ ನಡೆಸುವವರು ಸ್ವಯಂಸೇವಕರು. ನೀವೂ ಒಂದೆರಡು ಗಂಟೆ ಕೈಜೋಡಿಸಿದರೆ ಪರಿಚಯ ಇನ್ನೂ ಬೇಗ ಬೆಳೆಯುತ್ತದೆ.

ನೆಚ್ಚಿನ ಲೇಖಕರ ಸಹಿ ಸಿಕ್ಕರೆ ಸಾಕು ಎನ್ನುವವರು ಇಷ್ಟು ದೂರ ಹೋಗಬೇಕಾಗಿಲ್ಲ. ಸಾಲ ಮಾಡಿ ಹೋಗುವುದಂತೂ ಬೇಡವೇ ಬೇಡ. ಆದರೆ ನೀವು ಓದಿದ್ದನ್ನೇ ಓದಿದವರ ನಡುವೆ ದಿನಗಟ್ಟಲೆ ಇರುವ ಆಸೆಯಿದ್ದು, ಐದೂ ದಿನ ರಜೆ ಸಿಗುವಂತಿದ್ದರೆ ಖಂಡಿತ ಹೋಗಿ. ಎರಡೇ ದಿನ ಸಿಗುವುದಾದರೆ ನಾನು ಮನೆಯಲ್ಲೇ ಕುಳಿತು ಆನ್‌ಲೈನ್ ಸದಸ್ಯತ್ವ ಪಡೆಯುತ್ತಿದ್ದೆ. ಬೇಸಿಗೆಯಲ್ಲಿ ಬ್ರಿಟನ್ ನಮಗಿಂತ ನಾಲ್ಕೂವರೆ ಗಂಟೆ ಹಿಂದಿರುವುದರಿಂದ ಅಲ್ಲಿನ ಬೆಳಗಿನ ಗೋಷ್ಠಿ ಇಲ್ಲಿ ಮಧ್ಯಾಹ್ನಕ್ಕೆ ಬರುತ್ತದೆ. ವರ್ಲ್ಡ್‌ಕಾನ್ ಸದಸ್ಯರು ಮತ ಹಾಕಿ ಆ ವರ್ಷದ ವಿಜ್ಞಾನ ಕಥೆಗಳಿಗೆ ಕೊಡುವ ಹ್ಯೂಗೋ ಪ್ರಶಸ್ತಿಗೆ ಮತ ಹಾಕುವ ಹಕ್ಕಂತೂ ಊರಿನಲ್ಲಿದ್ದೇ ಸಿಗುತ್ತದೆ, ಅದಕ್ಕೆ ಬೇಕಾದ ಸದಸ್ಯತ್ವ ಪಡೆದರಾಯಿತು.

ಮುಂದಿನ ಊರನ್ನು ಸದಸ್ಯರ ಮತದಿಂದ ಸುಮಾರು ಎರಡು ವರ್ಷ ಮೊದಲೇ ಆರಿಸುತ್ತಾರೆ. ದಿನ ಹತ್ತಿರವಾದಂತೆ ಸದಸ್ಯತ್ವದ ಶುಲ್ಕ ಏರುವುದರಿಂದ ಬೇಗ ನೋಂದಾಯಿಸಿಕೊಳ್ಳಿ. ಅಮೆರಿಕದಲ್ಲಿ ನಡೆಯುವ ವರ್ಷವಾದರೆ ವೀಸಾ ಸಂದರ್ಶನದ ದಿನಾಂಕಕ್ಕೇ ತಿಂಗಳುಗಟ್ಟಲೆ ಕಾಯಬೇಕಾದೀತು. ಊರು ಗೊತ್ತಾದ ಕೂಡಲೇ ಆ ಕೆಲಸಕ್ಕೆ ಕೈಹಾಕಿ.