ಮುಚ್ಚಳಿಕೆ ಆಮೇಲೆ, ಮೊದಲು ಶೆಡ್ಡಿಗೆ ಬೀಗ

"ಅಪ್ಪ-ಅಮ್ಮನ್ನ ಕರೆಸಿ, ಒಂದು ಮುಚ್ಚಳಿಕೆ ಬರೆಸಿಕೊಂಡು ಮನೆಗೆ ಕಳಿಸಿಬಿಡಿ." ಆಡಳಿತ ಮಂಡಳಿಯವರು ಫೋನಿನಲ್ಲಿ ಹೇಳಿದ ಈ ಮಾತು ಇವತ್ತಿಗೂ ನನ್ನನ್ನು ಚುಚ್ಚುತ್ತದೆ. ನಮ್ಮ ಹುಡುಗಿಯೊಬ್ಬಳು ಸಾಯುವ ಯೋಚನೆಯಲ್ಲಿದ್ದಾಳೆ ಎಂದು ತಿಳಿಸಿದ್ದಕ್ಕೆ ಬಂದ ಉತ್ತರ ಅದು. ಮುಂದೆ ಏನಾದರೂ ಆದರೆ ಕಾಲೇಜು ಹೊಣೆಯಲ್ಲ ಅನ್ನುವ ಕಾಗದ ಅವರಿಗೆ ಬೇಕಿತ್ತು.

ನಾನು ಪಿಯು ಕಾಲೇಜಿನಲ್ಲಿ ಕೌನ್ಸೆಲರ್. ಅಟೆಂಡೆನ್ಸ್ ಶಾರ್ಟೇಜ್ ಪಟ್ಟಿ, ಇನ್ವಿಜಿಲೇಷನ್ ಎಲ್ಲವೂ ನನ್ನ ತಲೆಗೇ. ಸೆಕೆಂಡ್ ಪಿಯು ಮಿಡ್ ಟರ್ಮ್ ಮುಗಿದ ವಾರ ಒಬ್ಬ ಹುಡುಗಿ ಬಂದು ಅಳತೊಡಗಿದಳು. "ಮಿಸ್, ಅವಳು ನೀಟ್ ಮೆಟೀರಿಯಲ್ಲು, ಕಿವಿಯ ಓಲೆ ಎಲ್ಲಾ ನಂಗೇ ಕೊಟ್ಬಿಟ್ಲು. ಇನ್ಮೇಲೆ ಬೇಕಾಗಲ್ಲ ಅಂದ್ಲು. ಯಾರಿಗೂ ಹೇಳ್ಬೇಡ ಅಂತ ಆಣೆ ಹಾಕಿಸ್ಕೊಂಡಿದಾಳೆ." ಆಣೆ ಮುರಿದು ಬಂದ ಆ ಮಗುವಿಗೆ, ನೀನು ಮಾಡಿದ್ದೇ ಸರಿ ಎಂದು ಮೊದಲು ಹೇಳಿದೆ.

ಮೆಂಟರ್ ಶೀಟಿನಲ್ಲಿ ಅವಳ ಹೆಸರಿನ ಮುಂದೆ "ಈಗ ಶಾಂತವಾಗಿದ್ದಾಳೆ, ಸುಧಾರಿಸಿದ್ದಾಳೆ" ಎಂದು ಬರೆದಿತ್ತು. ವಾರಗಟ್ಟಲೆ ಕುಗ್ಗಿದ್ದ ಮಗು ಇದ್ದಕ್ಕಿದ್ದಂತೆ ಶಾಂತವಾದರೆ ಸಮಾಧಾನಪಟ್ಟುಕೊಂಡು ಸುಮ್ಮನಾಗಬಾರದು, ಹತ್ತಿರ ಕೂತು ವಿಚಾರಿಸಬೇಕು.

ಕರೆಸಿ ನೇರವಾಗಿಯೇ ಕೇಳಿದೆ: "ಸತ್ತುಹೋಗೋಣ ಅಂತ ಅನ್ನಿಸ್ತಿದೆಯಾ?" ವೇಲಿನ ಅಂಚನ್ನು ಬೆರಳಿಗೆ ಸುತ್ತುತ್ತಾ, ಬಿಚ್ಚುತ್ತಾ ತುಂಬಾ ಹೊತ್ತು ಕೂತಿದ್ದಳು. ಆಮೇಲೆ "ಹೂಂ" ಅಂದಳು. ಯಾವಾಗ, ಹೇಗೆ ಎಂದೂ ಕೇಳಿದೆ. ಯೋಚನೆ ಎಷ್ಟು ದೂರ ಹೋಗಿದೆ ಎಂದು ತಿಳಿಯುವುದು ಅದರಿಂದಲೇ. ಹೀಗೆ ಕೇಳಿದರೆ ಇಲ್ಲದ ಯೋಚನೆ ತಲೆಗೆ ಬರುತ್ತದೆಂಬ ಭಯ ನಮ್ಮ ಸ್ಟಾಫ್ ರೂಮಿನಲ್ಲೂ ಇದೆ. ಬರುವುದಿಲ್ಲ. ಒಳಗಿದ್ದದ್ದನ್ನು ಹೇಳಿಕೊಳ್ಳಲು ದಾರಿಯಾಗುತ್ತದೆ ಅಷ್ಟೇ. "ಅಪ್ಪ-ಅಮ್ಮನಿಗೆ ಹೇಳಲೇಬೇಕು ಪುಟ್ಟಿ. ಹೇಗೆ ಹೇಳೋದು ಅಂತ ಇಬ್ಬರೂ ಸೇರಿ ಯೋಚಿಸೋಣ" ಅಂದೆ.

ಅವರು ಊರಿಂದ ಬರುವವರೆಗೆ ಅವಳನ್ನು ಒಂದು ಗಳಿಗೆಯೂ ಒಂಟಿಯಾಗಿ ಬಿಡಲಿಲ್ಲ. ಬಾತ್‌ರೂಮಿಗೆ ಹೋದಾಗಲೂ ಲ್ಯಾಬಿನ ಅಟೆಂಡರ್ ಅಕ್ಕ ಬಾಗಿಲಾಚೆ ನಿಂತಿದ್ದರು. ಆಫೀಸಿನಿಂದ ಫೋನ್ ಬರುತ್ತಲೇ ಇತ್ತು. ಮುಚ್ಚಳಿಕೆ ಟೈಪಾಗಿದೆಯಂತೆ.

ಅಪ್ಪ ಬಂದವರೇ, "ಎಲ್ಲಾ ನಾಟಕ ಮೇಡಂ, ಓದೋಕಾಗದೆ ಹೂಡ್ತಿರೋದು" ಅಂದರು. ತಾಯಿ ತಲೆ ತಗ್ಗಿಸಿಕೊಂಡೇ ಹೇಳಿದರು: "ರಾತ್ರಿ ನಿದ್ದೇನೇ ಮಾಡಲ್ಲ ಮೇಡಂ. ಮೊನ್ನೆ ಊಟಕ್ಕೆ ಕೂತಾಗ, ನಾನಿಲ್ದಿದ್ರೆ ನಿಮಗೆ ಫೀಸಿನ ಕಾಟ ಇರಲ್ಲ ಅಲ್ವಾ ಅಂದ್ಲು." ಅಪ್ಪ ಹೆಂಡತಿಯ ಕಡೆ ತಿರುಗಿ, "ನಂಗ್ಯಾಕೆ ಹೇಳಲಿಲ್ಲ?" ಅಂದರು. "ನೀವು ಬೈತೀರಲ್ಲ."

ಗದರುವುದು, ಆಣೆ ಹಾಕಿಸುವುದು, ನಿನಗೋಸ್ಕರ ಎಷ್ಟು ಕಷ್ಟಪಟ್ಟಿದ್ದೀವಿ ಅನ್ನುವುದು ಯಾವುದೂ ಬೇಡ ಎಂದು ಕೈಮುಗಿದು ಕೇಳಿಕೊಂಡೆ. ಆಮೇಲೆ ಕೇಳಿದೆ, "ಔಷಧಿ ಎಲ್ಲಿಟ್ಟಿದ್ದೀರಿ?"

"ಯಾವ ಔಷಧಿ?"

"ಹೊಲಕ್ಕೆ ಹೊಡೆಯೋದು."

ಅಪ್ಪನ ಮುಖ ಬಿಳುಚಿಕೊಂಡಿತು. ಅಲ್ಲೇ ನಿಂತು ತಮ್ಮನಿಗೆ ಫೋನ್ ಮಾಡಿದರು. "ಶೆಡ್ಡಿಗೆ ಬೀಗ ಹಾಕು. ಬೀಗದ ಕೈ ನಿನ್ನ ಹತ್ರಾನೇ ಇಟ್ಕೋ. ಯಾಕೆ ಅಂತ ಆಮೇಲೆ ಹೇಳ್ತೀನಿ." ಅಜ್ಜಿಯ ಮಾತ್ರೆ ಡಬ್ಬಿಯನ್ನೂ ಎತ್ತಿಡಿಸಿದೆವು. ಸಾಯಲೇಬೇಕು ಅನ್ನಿಸುವ ಆ ತೀವ್ರ ಹೊತ್ತು ಬಹುಪಾಲು ಬಂದು ಹೋಗುವಂಥದ್ದು. ಆಗ ಕೈಗೆ ಏನೂ ಸಿಗದಿದ್ದರೆ ಎಷ್ಟೋ ಜೀವಗಳು ಉಳಿಯುತ್ತವೆ. ಕೀಟನಾಶಕ ಇಲ್ಲದ ಮನೆ ನಮ್ಮ ಕಡೆ ಅಪರೂಪ.

"ಕೇಸ್ ಆಗುತ್ತಾ?" ಎಂದು ಮೆಲ್ಲಗೆ ಕೇಳಿದರು. ಯೋಚನೆ ಬಂದಿದ್ದಕ್ಕೆ ಯಾವ ಕೇಸೂ ಇಲ್ಲ. ಪ್ರಯತ್ನ ಮಾಡಿದವರನ್ನೂ ತೀವ್ರ ಒತ್ತಡದಲ್ಲಿದ್ದವರೆಂದೇ ನೋಡಬೇಕು ಅನ್ನುತ್ತದೆ 2017ರ ಮಾನಸಿಕ ಆರೋಗ್ಯ ಕಾಯ್ದೆ. ಈ ಭಯಕ್ಕೇ ಎಷ್ಟು ಮನೆಯವರು ಆಸ್ಪತ್ರೆಯ ಮೆಟ್ಟಿಲು ಹತ್ತದೆ ಉಳಿದಿದ್ದಾರೋ! ಅವತ್ತೇ ಮೂವರನ್ನೂ ಜಿಲ್ಲಾಸ್ಪತ್ರೆಯ ಮನೋವೈದ್ಯರ ಬಳಿಗೆ ಕರೆದುಕೊಂಡು ಹೋದೆ. ದಾರಿಯುದ್ದಕ್ಕೂ ಅಪ್ಪ ಮಗಳ ಕೈ ಹಿಡಿದುಕೊಂಡಿದ್ದರು, ಮಾತಾಡಲಿಲ್ಲ. ಮುಚ್ಚಳಿಕೆಗೆ ಸಹಿ ಹಾಕಿಸಲಿಲ್ಲ. ಅದಕ್ಕೆ ನನಗೆ ಮೆಮೊ ಬಂತು.

ಈಗ ಪಿಟಿಎಂನಲ್ಲಿ, ಅಂದರೆ ಪೋಷಕರ ಸಭೆಯಲ್ಲಿ, ಫೀಸ್ ಅನೌನ್ಸ್‌ಮೆಂಟ್ ಆದ ಮೇಲೆ ನನಗೆ ಹತ್ತು ನಿಮಿಷ ಕೊಡುತ್ತಾರೆ. ಅಷ್ಟರಲ್ಲೇ ಅರ್ಧ ಜನ ಬಸ್ಸಿಗೆ ಎದ್ದಿರುತ್ತಾರೆ. ಉಳಿದವರ ಮೊಬೈಲಿನಲ್ಲಿ 14416 ಸೇವ್ ಮಾಡಿಸುತ್ತೇನೆ. ಅದು ಟೆಲಿ ಮಾನಸ್, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ. ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೇ ಮಾತಾಡಬಹುದು, ತಂದೆ-ತಾಯಿಯೂ ಕರೆ ಮಾಡಬಹುದು. ಜೀವಕ್ಕೆ ಅಪಾಯ ಅನ್ನಿಸಿದರೆ 112, ಇಲ್ಲವೇ ನೇರ ಆಸ್ಪತ್ರೆ. ಪಿಯುನಲ್ಲಿ ಒಮ್ಮೆ ಫೇಲಾದರೂ ಮತ್ತೆ ಬರೆಯೋಕೆ ಎಕ್ಸಾಂ 2 ಇದೆ ಅನ್ನುವುದನ್ನು ಮಕ್ಕಳಿಗೆ ರಿಸಲ್ಟ್ ಬರುವ ಮುಂಚೆಯೇ ಹೇಳಿ, ರಿಸಲ್ಟ್ ದಿನ ಮನೆಯಲ್ಲಿ ಯಾರಾದರೊಬ್ಬರು ಕೆಲಸಕ್ಕೆ ರಜೆ ಹಾಕಿ ಅನ್ನುತ್ತೇನೆ. ಮುಂದಿನ ಪಿಟಿಎಂಗೆ ಅರ್ಧ ಗಂಟೆ ಬೇಕು, ಅದೂ ಫೀಸಿನ ಮಾತಿಗಿಂತ ಮುಂಚೆ ಬೇಕು ಎಂದು ಪ್ರಿನ್ಸಿಪಾಲರಿಗೆ ಲಿಖಿತವಾಗಿ ಕೊಟ್ಟಿದ್ದೇನೆ.