ಎರಡನೇ ಗೇರಿನಲ್ಲೇ ಮುಗಿದುಹೋಗುವ ರಸ್ತೆ

ಬಸವನಗುಡಿಯಲ್ಲಿ ನಮ್ಮ ಮನೆಯ ಗೇಟಿನಿಂದ ಮುಖ್ಯರಸ್ತೆಗೆ ಸೇರುವಷ್ಟರಲ್ಲಿ ಐದು ಹಂಪುಗಳು ಸಿಗುತ್ತವೆ. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಮಾನದಂಡದಂತೆ ದುಂಡನೆಯ ರಸ್ತೆ ಉಬ್ಬೊಂದು 3.7 ಮೀಟರ್ ಅಗಲ ಮತ್ತು 10 ಸೆಂಟಿಮೀಟರ್ ಎತ್ತರ ಇರಬೇಕು, ಗಂಟೆಗೆ 25 ಕಿ.ಮೀ. ವೇಗದಲ್ಲಿ ಬಂದ ವಾಹನ ಅದನ್ನು ಸಲೀಸಾಗಿ ದಾಟುವಂತಿರಬೇಕು. ನಮ್ಮ ಬೀದಿಯ ಐದರಲ್ಲಿ ಒಂದೂ ಈ ಲೆಕ್ಕಕ್ಕೆ ಸಿಗುವುದಿಲ್ಲ. ಉಳಿದ ಟಾರನ್ನು ಯಾರೋ ರಾತ್ರೋರಾತ್ರಿ ಸುರಿದು ಹೋದಂತಿವೆ. ನನ್ನ ಕಾರು ಅವುಗಳನ್ನು ನೇರವಾಗಿ ದಾಟಲಾರದು. ಬಾಣಂತಿಯನ್ನು ಮೆಟ್ಟಿಲಿಳಿಸುವಷ್ಟು ಜೋಪಾನವಾಗಿ, ಓರೆಯಾಗಿ, ಒಂದೊಂದೇ ಚಕ್ರವನ್ನು ಹತ್ತಿಸಿ ಇಳಿಸಬೇಕು. ಹಿಂದಿನ ಆಟೋದವರು ಹಾರ್ನ್ ಹೊಡೆಯುತ್ತಾರೆ, ಮುಂದೆ ನಿಂತ ಹುಡುಗರು ಫೋಟೋ ತೆಗೆಯುತ್ತಾರೆ, ಎದುರು ಮನೆಯ ಮಾವ ಮಾತ್ರ ಮೂರು ವರ್ಷಗಳಿಂದ ಒಂದೇ ಪ್ರಶ್ನೆ ಕೇಳುತ್ತಿದ್ದಾರೆ: "ಲೀಟರಿಗೆ ಎಷ್ಟು ಕೊಡುತ್ತಪ್ಪಾ?"

ಈ ಕಾರು 2014ರ ಪೋರ್ಷೆ ಕೇಮನ್ ಎಂಬ, ನೆಲಕ್ಕೆ ತಗ್ಗಾಗಿ ಕೂತ ಸ್ಪೋರ್ಟ್ಸ್ ಕಾರು. ನಾನು ಅದನ್ನು ಕೊಂಡಿದ್ದು ಸೆಕೆಂಡ್ ಹ್ಯಾಂಡಿನಲ್ಲಿ. ಹೊಸ ಕಾರಿನ ಬೆಲೆಯ ಮೇಲೆ ಆಮದು ಸುಂಕ, ಅದರ ಮೇಲೆ ಜಿ.ಎಸ್.ಟಿ., ಅದೆಲ್ಲದರ ಮೇಲೆ 20 ಲಕ್ಷ ದಾಟಿದ ಕಾರುಗಳಿಗೆ ಕರ್ನಾಟಕ ವಿಧಿಸುವ ಶೇ. 18ರ ಜೀವಾವಧಿ ತೆರಿಗೆ ಮತ್ತು ಸೆಸ್ ಸೇರಿದಾಗ ಬರುವ ಮೊತ್ತವನ್ನು ನನ್ನಂಥ ಸಂಬಳದಾರ ನೋಡಬಾರದು. ಆದರೆ ಹಳೆಯದನ್ನೇ ಹುಡುಕಿದ್ದಕ್ಕೆ ಹಣವೊಂದೇ ಕಾರಣವಲ್ಲ. 2016ರಲ್ಲಿ ಈ ಮಾದರಿಯ ಜಾಗಕ್ಕೆ 718 ಎಂಬ ಹೊಸದು ಬಂದು, ಅದರಲ್ಲಿ ನಾಲ್ಕು ಸಿಲಿಂಡರಿನ ಟರ್ಬೊ ಎಂಜಿನ್, ಅಂದರೆ ಗಾಳಿಯನ್ನು ಒತ್ತಿ ತುಂಬಿಸಿಕೊಳ್ಳುವ ಎಂಜಿನ್ ಕೂತಿತು. ನನ್ನದರಲ್ಲಿ ಇರುವುದು ಟರ್ಬೊ ಇಲ್ಲದ, ತಾನೇ ಗಾಳಿ ಎಳೆದುಕೊಂಡು ಉಸಿರಾಡುವ, ಆರು ಸಿಲಿಂಡರಿನ 2.7 ಲೀಟರ್ ಎಂಜಿನ್. ಅದರ 275 ಅಶ್ವಶಕ್ತಿ ಪೂರ್ತಿ ಸಿಗುವುದು ಎಂಜಿನ್ ನಿಮಿಷಕ್ಕೆ 7,400 ಸುತ್ತು ತಿರುಗಿದಾಗ. ಬೆನ್ನ ಹಿಂದೆ ಅದು ಕೆಳದನಿಯಿಂದ ಮೇಲಕ್ಕೇರುವುದನ್ನು ಒಮ್ಮೆ ಕೇಳಿದವನಿಗೆ ಇಂದಿನ ಟರ್ಬೊ ಕಾರುಗಳು ಎಷ್ಟೇ ವೇಗವಾಗಿದ್ದರೂ ಸ್ವಲ್ಪ ಗಂಟಲು ಕಟ್ಟಿದಂತೆ ಕೇಳಿಸುತ್ತವೆ.

ಎಂಜಿನ್ ಇರುವ ಜಾಗವೂ ಮುಖ್ಯ. 1963ರಲ್ಲಿ ಮೊದಲು ಜನರ ಕಣ್ಣಿಗೆ ಬಿದ್ದ, ಪೋರ್ಷೆಯದೇ 911 ಎಂಬ ಕಾರಿನಲ್ಲಿ ಅದು ಹಿಂದಿನ ಚಕ್ರಗಳ ಆಕ್ಸಲಿನಿಂದಲೂ ಆಚೆಗೆ, ಬಾಲದಲ್ಲಿ ಕೂತಿದೆ. ಕೇಮನ್‌ನಲ್ಲಿ ಆಕ್ಸಲಿನ ಈಚೆಗೆ, ಸೀಟುಗಳ ಬೆನ್ನಿಗೆ ಅಂಟಿಕೊಂಡಿದೆ. ಇದರ ವ್ಯತ್ಯಾಸ ತಿಳಿಯಬೇಕಾದರೆ ಎರಡು ತುಂಬಿದ ಬಿಂದಿಗೆಗಳನ್ನು ಮೊದಲು ಸೊಂಟಕ್ಕೆ ಅವುಚಿಕೊಂಡು, ಆಮೇಲೆ ಕೈಗಳನ್ನು ಚಾಚಿ ಹಿಡಿದುಕೊಂಡು ಗಕ್ಕನೆ ತಿರುಗಿ ನೋಡಬೇಕು. ಭಾರ ಒಂದೇ ಆದರೂ ಎರಡನೆಯ ಸಲ ತಿರುಗಲು ಹೊರಟರೆ ಮೈ ತಡವಾಗಿ ತಿರುಗುತ್ತದೆ, ತಿರುಗಿದ ಮೇಲೆ ನಿಲ್ಲಲು ಒಲ್ಲೆ ಎನ್ನುತ್ತದೆ. ಭಾರವನ್ನು ನಡುವಿನಲ್ಲಿ ಇಟ್ಟುಕೊಂಡ ಕಾರು ಸ್ಟೇರಿಂಗ್ ಅಲುಗಿದೊಡನೆ ತಿರುಗುತ್ತದೆ, ಹೇಳಿದೊಡನೆ ನಿಲ್ಲುತ್ತದೆ.

ಇಷ್ಟೆಲ್ಲ ಇರುವ ಕಾರಿಗೆ ನಮ್ಮ ರಸ್ತೆಯಲ್ಲಿ ಕೆಲಸವೇನು ಎಂಬುದು ನ್ಯಾಯವಾದ ಪ್ರಶ್ನೆ. ಬೆಂಗಳೂರು–ಮೈಸೂರು ಹೆದ್ದಾರಿಯ ವೇಗದ ಮಿತಿ 100 ಕಿ.ಮೀ., ಆ ಗಡಿಯನ್ನು ಈ ಕಾರು ಎರಡನೇ ಗೇರಿನಲ್ಲೇ ದಾಟಿಬಿಡುತ್ತದೆ. ಉಳಿದ ಐದು ಗೇರುಗಳು ಕಾನೂನಿನ ಮಟ್ಟಿಗೆ ಪೆಟ್ರೋಲ್ ಉಳಿಸಲು ಮಾತ್ರ ಇವೆ. ಕರ್ನಾಟಕದಲ್ಲಿ 2024ರ ಆಗಸ್ಟ್ 1ರಿಂದ 130 ಕಿ.ಮೀ. ಮೀರಿ ಓಡಿಸಿದವರ ಮೇಲೆ ಎಫ್‌ಐಆರ್ ದಾಖಲಿಸುತ್ತೇವೆಂದು ಪೊಲೀಸರು ಹೇಳಿದಾಗ ನನ್ನ ಗೆಳೆಯರ ಬಳಗದಲ್ಲಿ ಗೊಣಗಾಟ ಎದ್ದಿತು. ನಾನು ಗೊಣಗಲಿಲ್ಲ. ಭಾನುವಾರ ಬೆಳಗ್ಗೆ ಹೆಬ್ಬಾಳದಿಂದ ದೇವನಹಳ್ಳಿಯ ಕಡೆಗೆ ಸದ್ದು ಮಾಡಿಕೊಂಡು ಹೋಗುವ ದುಬಾರಿ ಕಾರುಗಳ ಸಾಲನ್ನು ನೋಡಿದ್ದೇನೆ, ಅದೇ ರಸ್ತೆಯ ಅಂಚಿನಲ್ಲಿ ಹೂವಿನ ಮೂಟೆ ಕಟ್ಟಿಕೊಂಡು ಮೊಪೆಡ್ಡಿನಲ್ಲಿ ಬರುವವರನ್ನೂ ನೋಡಿದ್ದೇನೆ. ನೇರ ರಸ್ತೆಯಲ್ಲಿ ಆಕ್ಸಿಲರೇಟರ್ ಒತ್ತುವುದಕ್ಕೆ ಚಾಲಕನಲ್ಲಿ ಯಾವ ವಿದ್ಯೆಯೂ ಬೇಕಾಗಿಲ್ಲ, ಬಲಗಾಲು ಇದ್ದರೆ ಸಾಕು.

ರಸ್ತೆಯಲ್ಲಿ ಈ ಕಾರಿನ ಸುಖ ಬೇರೆ ಕಡೆ ಇದೆ. ಏಪ್ರಿಲ್ ತಿಂಗಳಲ್ಲಿ, ಹೂಮಳೆ ಬಿದ್ದು ಕಾಫಿ ತೋಟಗಳು ಬೆಳ್ಳಗಾದ ವಾರ, ಮೂಡಿಗೆರೆಯಿಂದ ಕೊಟ್ಟಿಗೆಹಾರದ ಕಡೆಗೆ ಬೆಳಗಿನ ಆರು ಗಂಟೆಗೆ ಹೊರಟರೆ ಆ ಸುಖ ಸಿಗುತ್ತದೆ. ವೇಗ 50, ಹೆಚ್ಚೆಂದರೆ 60. ಕಿಟಕಿ ಇಳಿಸಿದರೆ ಹೂವಿನ ಘಮ, ಹಿಂದಿನಿಂದ ಎಂಜಿನ್ನಿನ ಗುನುಗು, ಅಂಗೈಯಲ್ಲಿ ರಸ್ತೆಯ ಪ್ರತಿ ತೇಪೆಯ ಸುದ್ದಿ. ಈ ಮಾದರಿಯಲ್ಲಿ ಹೈಡ್ರಾಲಿಕ್ ಸ್ಟೇರಿಂಗ್ ಹೋಗಿ ವಿದ್ಯುತ್ ಸ್ಟೇರಿಂಗ್ ಬಂದು ಆ ಸುದ್ದಿ ಕಡಿಮೆಯಾಯಿತೆಂದು ಮೂಗು ಮುರಿಯುವವರಿದ್ದಾರೆ. ಅವರು ಹೇಳುವುದು ಸುಳ್ಳಲ್ಲ, ಆದರೆ ಕಚೇರಿಗೆ ಹೋಗುವ ಕಾರನ್ನೇ ದಿನವೂ ಓಡಿಸುವ ನನಗೆ ಇಷ್ಟೂ ಧಾರಾಳವೇ. ಕೊಟ್ಟಿಗೆಹಾರದಲ್ಲಿ ನೀರು ದೋಸೆ ತಿಂದು, ಚಾರ್ಮಾಡಿಯ ಲಾರಿಗಳು ಏರಿ ಬರುವುದರೊಳಗೆ ವಾಪಸಾಗುತ್ತೇನೆ.

ಆದರೂ ಎರಡು ವರ್ಷ ಹೀಗೆ ಓಡಿಸಿದ ಮೇಲೆ, ಈ ಕಾರಿನ ಒಂದು ಅಂಗದ ಪರಿಚಯವೇ ನನಗೆ ಆಗಿಲ್ಲವೆಂಬುದು ರೇಸ್ ಟ್ರ್ಯಾಕಿಗೆ ಹೋದ ದಿನ ಗೊತ್ತಾಯಿತು. ಅದು ಬ್ರೇಕು.

ಬೆಂಗಳೂರಿನಲ್ಲಿ ಗೋ-ಕಾರ್ಟ್ ಓಡಿಸುವ ಅಂಕಣಗಳಿವೆ, ಆದರೆ ಇಂಥ ಕಾರಿನ ಕಾಲು ಚಾಚಲು ತಮಿಳುನಾಡಿಗೇ ಹೋಗಬೇಕು. ಕೊಯಮತ್ತೂರಿನ ಬಳಿ ಕಾರಿ ಮೋಟರ್ ಸ್ಪೀಡ್‌ವೇ ಇದೆ. ಇನ್ನೊಂದು ಶ್ರೀಪೆರಂಬದೂರಿನ ಹತ್ತಿರ ಇರುಂಗಾಟ್ಟುಕೋಟೈನಲ್ಲಿ ಮದ್ರಾಸ್ ಮೋಟರ್ ಸ್ಪೋರ್ಟ್ಸ್ ಕ್ಲಬ್ಬಿನವರು ಕಟ್ಟಿದ, 1990ರಿಂದ ನಡೆಯುತ್ತಿರುವ ಟ್ರ್ಯಾಕು. ಅದರ ಉದ್ದ ಸುಮಾರು 3.7 ಕಿ.ಮೀ., ತಿರುವುಗಳು ಹನ್ನೆರಡು. ಅಲ್ಲಿಗೆ ಹೊರಟಿದ್ದೇನೆ ಎಂದಾಗ ಅಮ್ಮ ದೇವರ ಮುಂದೆ ದೀಪ ಹಚ್ಚಿದರು, ಅಪ್ಪ ಮಾತ್ರ ಎದ್ದು ಕೂತರು. ಅಪ್ಪ ಎಚ್‌ಎಂಟಿಯಲ್ಲಿ ಟೂಲ್ ರೂಮಿನ ಕೆಲಸದಲ್ಲಿದ್ದವರು. ಈ ಟ್ರ್ಯಾಕ್ ಹುಟ್ಟುವ ಮೊದಲು ಎರಡನೇ ಮಹಾಯುದ್ಧದ ಕಾಲದ ವಿಮಾನದಾರಿಯ ಮೇಲೆ ಶೋಲಾವರಂನಲ್ಲಿ ರೇಸುಗಳು ನಡೆಯುತ್ತಿದ್ದಾಗ, ಗೆಳೆಯರೊಡನೆ ಬೃಂದಾವನ ಎಕ್ಸ್‌ಪ್ರೆಸ್ ಹತ್ತಿ ಮದ್ರಾಸಿಗೆ ಹೋಗಿ, ಬಿಸಿಲಲ್ಲಿ ಬೆಂದು, ಮುಖದ ಮೇಲೆಲ್ಲ ಧೂಳು ಮೆತ್ತಿಕೊಂಡು ಬರುತ್ತಿದ್ದರಂತೆ. ಇದನ್ನು ಅವರು ನನಗೆ ನಲವತ್ತು ವರ್ಷ ಹೇಳಿರಲಿಲ್ಲ.

ಟ್ರ್ಯಾಕಿನಲ್ಲಿ ಪಕ್ಕದ ಸೀಟಿಗೆ ಬಂದು ಕೂತ ತರಬೇತುದಾರರು ಐವತ್ತು ದಾಟಿದ, ಮಿತಭಾಷಿಯಾದ ಮನುಷ್ಯ. ಮೊದಲ ಎರಡು ಸುತ್ತು ಅವರು ಏನೂ ಹೇಳಲಿಲ್ಲ. ಮೂರನೆಯದರಲ್ಲಿ, "ಸಾರ್, ಬ್ರೇಕನ್ನು ಕೇಳಿ ಕೇಳಿ ಒತ್ತುತ್ತಿದ್ದೀರಿ. ಅಪ್ಪಣೆ ಕೇಳಬೇಡಿ," ಎಂದರು. ರಸ್ತೆಯಲ್ಲಿ ನಾವೆಲ್ಲ ಬ್ರೇಕನ್ನು ಮೆಲ್ಲಗೆ ಶುರುಮಾಡಿ ಕೊನೆಗೆ ಜೋರಾಗಿ ಒತ್ತುತ್ತೇವೆ. ಟ್ರ್ಯಾಕಿನಲ್ಲಿ ಅದು ತಲೆಕೆಳಗು: ಮೊದಲ ಕ್ಷಣದಲ್ಲೇ ಪೂರ್ತಿ ಬಲ ಹಾಕಬೇಕು, ಕಾರಿನ ಭಾರ ಮುಂದಿನ ಟೈರುಗಳ ಮೇಲೆ ಬಂದು ಕೂತ ಮೇಲೆ ತಿರುವು ಸಮೀಪಿಸಿದಂತೆ ಒಂದೊಂದು ಎಳೆಯಾಗಿ ಬಿಡುತ್ತ ಹೋಗಬೇಕು. ಟೈರಿನ ಹಿಡಿತ ತಿಂಗಳ ಸಂಬಳದ ಹಾಗೆ, ಇರುವುದು ಇಷ್ಟೇ. ಅದನ್ನೆಲ್ಲ ಬ್ರೇಕಿಗೇ ಖರ್ಚು ಮಾಡಿದವನ ಹತ್ತಿರ ತಿರುಗಲು ಬಿಡಿಗಾಸೂ ಉಳಿಯುವುದಿಲ್ಲ. ಬ್ರೇಕನ್ನು ಬಿಡುತ್ತ ಬಂದ ಪ್ರಮಾಣದಲ್ಲೇ ಸ್ಟೇರಿಂಗ್ ತಿರುಗಿಸುತ್ತ ಹೋದಾಗ, ಕಾರಿನ ಮೂಗು ತಾನಾಗಿ ತಿರುವಿನ ಒಳ ಅಂಚನ್ನು ಹುಡುಕಿಕೊಂಡು ಹೋಗುತ್ತದೆ. ಅದು ಮೊದಲ ಸಲ ಸರಿಯಾಗಿ ಕೂಡಿಬಂದ ತಿರುವಿನಲ್ಲಿ ನಾನು ಹೆಲ್ಮೆಟ್ಟಿನೊಳಗೆ ಒಬ್ಬನೇ ನಕ್ಕೆ. ಆ ತಿರುವಿನಲ್ಲಿ ನನ್ನ ವೇಗ 80 ಕಿ.ಮೀ.ಗಿಂತ ಹೆಚ್ಚಿರಲಿಲ್ಲ.

ಮಧ್ಯಾಹ್ನದ ಸರದಿಯಲ್ಲಿ ಧೈರ್ಯ ಬೆಳೆದಿತ್ತು, ಟಾರು ಕಾದಿತ್ತು. ಐದನೇ ಸುತ್ತಿನಲ್ಲಿ ನೇರದಾರಿಯ ಕೊನೆಗೆ 160ರಲ್ಲಿ ಬಂದು ಬ್ರೇಕ್ ಒತ್ತಿದಾಗ ಪೆಡಲು ತಡೆಯಿಲ್ಲದೆ ಕೆಳಗಿಳಿಯಿತು. ನೆನೆದ ಸ್ಪಂಜಿನ ಮೇಲೆ ಕಾಲಿಟ್ಟಂತಾಯಿತು. "ಪಂಪ್, ಪಂಪ್!" ಎಂದು ಪಕ್ಕದಿಂದ ದನಿ ಬಂದಿತು, ಎರಡು ಮೂರು ಬಾರಿ ಒದ್ದು ಒದ್ದು ಒತ್ತಿದ ಮೇಲೆ ಸ್ವಲ್ಪ ಹಿಡಿತ ಹುಟ್ಟಿತು, ಗೇರುಗಳನ್ನು ಒಂದರ ಹಿಂದೊಂದು ಇಳಿಸಿದೆ, ಆದರೂ ಕಾರು ಡಾಂಬರು ದಾಟಿ ಹೊರಗಿನ ಮಣ್ಣಿನಲ್ಲಿ ಮೂವತ್ತು ಮೀಟರ್ ಉಜ್ಜಿಕೊಂಡು ಹೋಗಿ ನಿಂತಿತು. ಯಾರಿಗೂ ಏನೂ ಆಗಲಿಲ್ಲ. ತರಬೇತುದಾರರು ಬಾಗಿಲ ಜೇಬಿನಿಂದ ನನ್ನ ನೀರಿನ ಬಾಟಲಿ ತೆಗೆದು ನನಗೇ ಕೊಟ್ಟರು.

ಅಲ್ಲಿ ಆದದ್ದು ಸರಳವಾದ ಭೌತಶಾಸ್ತ್ರ. ಚಾಲಕನೂ ಸೇರಿ 1,400 ಕಿಲೋ ತೂಗುವ ಕಾರನ್ನು 160ರಿಂದ 80ಕ್ಕೆ ಇಳಿಸಿದಾಗ ಬ್ರೇಕುಗಳಲ್ಲಿ ಹುಟ್ಟುವ ಶಾಖದಲ್ಲಿ ಮೂರು ಲೀಟರ್ ತಣ್ಣೀರನ್ನು ಕುದಿಯುವ ಮಟ್ಟಕ್ಕೆ ತರಬಹುದು. ಅಡುಗೆಮನೆಯ ಗ್ಯಾಸ್ ಒಲೆ ಹತ್ತು ನಿಮಿಷಕ್ಕೂ ಹೆಚ್ಚು ತೆಗೆದುಕೊಳ್ಳುವ ಈ ಕೆಲಸ ಇಲ್ಲಿ ಸುಮಾರು ಎರಡೂವರೆ ಸೆಕೆಂಡಿನಲ್ಲಿ ಮುಗಿಯುತ್ತದೆ, ಮತ್ತು ಪ್ರತಿ ಸುತ್ತಿನಲ್ಲೂ ಹಲವು ಬಾರಿ ನಡೆಯುತ್ತದೆ. ಆ ಕಾವು ಪ್ಯಾಡಿನಿಂದ ಅದನ್ನು ಡಿಸ್ಕಿಗೆ ಅದುಮುವ ಕ್ಯಾಲಿಪರಿಗೆ, ಅಲ್ಲಿಂದ ಪಾದದ ಬಲವನ್ನು ಚಕ್ರಕ್ಕೆ ಮುಟ್ಟಿಸುವ ಬ್ರೇಕ್ ಆಯಿಲಿಗೆ ಇಳಿಯುತ್ತದೆ. ಡಾಟ್ 4 ದರ್ಜೆಯ ಹೊಸ ಆಯಿಲ್ ಕನಿಷ್ಠ 230 ಡಿಗ್ರಿವರೆಗೆ ಕುದಿಯಬಾರದು ಎಂಬುದು ನಿಯಮ. ಆದರೆ ಅದು ಉಪ್ಪಿನ ಹಾಗೆ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ, ತೇವ ಕುಡಿದ ಆಯಿಲಿಗೆ ಅದೇ ನಿಯಮ ಕೊಡುವ ಕನಿಷ್ಠ ಅಂಕಿ 155 ಮಾತ್ರ. ಕುದಿದಾಗ ಗುಳ್ಳೆ ಏಳುತ್ತದೆ. ದ್ರವವನ್ನು ಅದುಮಲಾಗದು, ಗುಳ್ಳೆಯನ್ನು ಅದುಮಬಹುದು. ಹಾಗಾಗಿ ಪಾದದ ಬಲವೆಲ್ಲ ಗುಳ್ಳೆ ಅದುಮುವುದರಲ್ಲಿ ಮುಗಿದುಹೋಗಿ ಚಕ್ರಕ್ಕೆ ಏನೂ ತಲುಪುವುದಿಲ್ಲ. ನಗರದ ರಸ್ತೆಯಲ್ಲಿ ಇಂಥ ಹಳೆಯ ಆಯಿಲ್ ವರ್ಷಗಟ್ಟಲೆ ಗುಟ್ಟು ಬಿಟ್ಟುಕೊಡುವುದಿಲ್ಲ.

ಆ ತಿಂಗಳ ಮೊದಲಷ್ಟೇ ಬೆಂಗಳೂರಿನ ಒಂದು ಗ್ಯಾರೇಜಿನಲ್ಲಿ ಬ್ರೇಕ್ ಆಯಿಲ್ ಬದಲಿಸಿದ್ದಕ್ಕೆ ನಾನು ಹಣ ಕೊಟ್ಟಿದ್ದೆ, ಬಿಲ್ಲಿನಲ್ಲಿ ಆ ಸಾಲೂ ಇತ್ತು. ಟ್ರ್ಯಾಕಿನ ಪಕ್ಕದಲ್ಲಿ ಕಾರು ನಿಲ್ಲಿಸುವ ಪಿಟ್ಟಿನಲ್ಲಿ ಆಯಿಲ್ ಡಬ್ಬಿಯ ಮುಚ್ಚಳ ತೆಗೆದು ನೋಡಿದರೆ ಒಳಗಿದ್ದುದು ಎರಡನೇ ಡಿಕಾಕ್ಷನ್ನಿನ ಬಣ್ಣದ ಕಂದು ನೀರು. ಜಗಳ ಆಡಿದೆ, ಅರ್ಧ ಹಣ ವಾಪಸು ಬಂತು, ಆ ಕಥೆಯಲ್ಲಿ ಹೇಳುವಂಥದ್ದು ಬೇರೇನಿಲ್ಲ.

ಮುಂದಿನ ಶನಿವಾರ ನಮ್ಮ ಮನೆಯ ಪೋರ್ಟಿಕೋದಲ್ಲಿ ಕಾರನ್ನು ನಾಲ್ಕು ಸ್ಟ್ಯಾಂಡುಗಳ ಮೇಲೆ ಏರಿಸಿದೆ. ಬ್ರೇಕ್ ಬ್ಲೀಡ್ ಮಾಡುವುದು ಇಬ್ಬರ ಕೆಲಸ: ಒಬ್ಬರು ಪೆಡಲ್ ಒತ್ತಿ ಹಿಡಿಯಬೇಕು, ಇನ್ನೊಬ್ಬರು ಕ್ಯಾಲಿಪರಿನ ನಿಪ್ಪಲ್ ಸಡಿಲಿಸಿ ಹಳೆಯ ಆಯಿಲನ್ನೂ ಗಾಳಿಯನ್ನೂ ಹೊರಗೆ ಬಿಟ್ಟು, ಪೆಡಲು ಮೇಲೇಳುವ ಮೊದಲೇ ಮತ್ತೆ ಬಿಗಿಯಬೇಕು. ಎಪ್ಪತ್ತೆರಡರ ಅಪ್ಪ ಪಂಚೆಯನ್ನು ಮೊಣಕಾಲಿನ ಮೇಲಕ್ಕೆ ಕಟ್ಟಿಕೊಂಡು, ಆ ತಗ್ಗು ಸೀಟಿನೊಳಗೆ ಸೊಂಟ ತೂರಿಸಿಕೊಂಡು ಕೂತರು. ಹಿಂದಿನ ಎಡಚಕ್ರದಿಂದ ಶುರು. ನಾನು ಹಾರ್ಲಿಕ್ಸ್ ಬಾಟಲಿಗೆ ಟ್ಯೂಬಿನ ತುದಿ ಇಳಿಬಿಟ್ಟು ಕೆಳಗಿನಿಂದ "ಒತ್ತಿ", "ಹಿಡೀರಿ", "ಬಿಡಿ" ಎನ್ನುತ್ತಿದ್ದೆ. ಈ ಕಾರಿನಲ್ಲಿ ಒಂದೊಂದು ಕ್ಯಾಲಿಪರಿಗೂ ಒಳಗೊಂದು ಹೊರಗೊಂದು ಎಂದು ಎರಡೆರಡು ನಿಪ್ಪಲ್, ಒಟ್ಟು ಎಂಟು. ಟ್ಯೂಬಿನೊಳಗೆ ಕಂದು ಬಣ್ಣ ತೆಳುವಾಗುತ್ತ, ನಡುನಡುವೆ ಸಾಸಿವೆ ಕಾಳಿನಷ್ಟು ಗುಳ್ಳೆಗಳು ಓಡುತ್ತ, ಕೊನೆಗೆ ತಿಳಿ ಎಳ್ಳೆಣ್ಣೆಯ ಹಾಗೆ ನಿರ್ಮಲವಾಗಿ ಬರತೊಡಗಿತು. ಆರನೆಯ ನಿಪ್ಪಲಿನ ಹೊತ್ತಿಗೆ ಅಪ್ಪ ನಾನು ಹೇಳುವುದನ್ನು ಕಾಯುವುದು ಬಿಟ್ಟಿದ್ದರು, ನನ್ನ ಸ್ಪ್ಯಾನರಿನ ಸದ್ದಿಗೇ ಕಾಲು ಒತ್ತುತ್ತಿದ್ದರು. ಎಂಟೂ ಮುಗಿದ ಮೇಲೆ ಒಮ್ಮೆ ಜೋರಾಗಿ ಒತ್ತಿ, "ಈಗ ರುಬ್ಬುಗುಂಡಿನ ಹಾಗಿದೆ ಕಣೋ," ಎಂದರು. ಇಳಿಯಲು ಮಾತ್ರ ಇಬ್ಬರು ಹಿಡಿದೆಳೆಯಬೇಕಾಯಿತು.

ಎರಡನೇ ಸಲ ಇರುಂಗಾಟ್ಟುಕೋಟೈಗೆ ಅಪ್ಪನೂ ಬಂದರು. ದಾರಿಯಲ್ಲಿ ಕೃಷ್ಣಗಿರಿಯ ಆಚೆಗೆ ನಾನು ಲಾರಿಯೊಂದರ ಹಿಂದೆ ತುಸು ಹತ್ತಿರ ಹೋದಾಗ ಅವರ ಬಲಗಾಲು ತಾನಾಗಿ ನೆಲ ಒತ್ತಿದ್ದನ್ನು ನೋಡಿದೆ. ಅಲ್ಲಿ ಬೆಳಗ್ಗೆ ಟೈರುಗಳ ಗಾಳಿ ಸ್ವಲ್ಪ ಇಳಿಸಿಟ್ಟೆ, ಯಾಕೆಂದರೆ ಕಾವೇರಿದಾಗ ಅದು ತಾನೇ ಆರೇಳು ಪಿಎಸ್‌ಐ ಹೆಚ್ಚುತ್ತದೆ. ವೀಲ್ ಬೋಲ್ಟುಗಳನ್ನು ಟಾರ್ಕ್ ರೆಂಚಿನಿಂದ ಬಿಗಿದೆ. ಸರದಿ ಮುಗಿದು ಬಂದಾಗ ಕಾದ ಡಿಸ್ಕಿನ ಮೇಲೆ ಹ್ಯಾಂಡ್‌ಬ್ರೇಕ್ ಹಾಕದೆ ಚಕ್ರಕ್ಕೆ ಕಲ್ಲು ಕೊಟ್ಟು ನಿಲ್ಲಿಸಿದೆ. ಪೆಡಲು ಕೊನೆಯ ಸುತ್ತಿನವರೆಗೂ ಒಂದೇ ಎತ್ತರದಲ್ಲಿ, ಒಂದೇ ಗಟ್ಟಿಯಲ್ಲಿ ಪಾದಕ್ಕೆ ಸಿಕ್ಕಿತು. ಹಿಂದೆ ಮಣ್ಣಿಗೆ ಇಳಿದಿದ್ದ ಅದೇ ಜಾಗದಲ್ಲಿ, ಗುರುತಿಗೆಂದು ಇಟ್ಟ ಕಿತ್ತಳೆ ಬಣ್ಣದ ಕೋನನ್ನು ದಾಟಿದ ಮೇಲೆಯೇ ಬ್ರೇಕ್ ಒತ್ತಿದೆ.

ಪಿಟ್ಟಿಗೆ ಬಂದು ಹೆಲ್ಮೆಟ್ ತೆಗೆಯುವಾಗ ಅಪ್ಪ ತಮ್ಮ ಹಳೆಯ ಎಚ್‌ಎಂಟಿ ಗಡಿಯಾರದ ಸೆಕೆಂಡ್ ಮುಳ್ಳು ನೋಡಿಕೊಂಡು ಲಕೋಟೆಯೊಂದರ ಬೆನ್ನ ಮೇಲೆ ನನ್ನ ಸುತ್ತುಗಳನ್ನು ಬರೆದಿಟ್ಟಿದ್ದರು. ಬೆಳಗಿನ ಮೊದಲ ಸುತ್ತಿಗಿಂತ ನಾಲ್ಕು ಸೆಕೆಂಡು ಕಡಿಮೆ. ಅದನ್ನು ತರಬೇತುದಾರರಿಗೆ ತೋರಿಸಿದೆ. ಅವರು ಲಕೋಟೆಯನ್ನು ಓದಿ, ನೇರದಾರಿಯ ಕೊನೆಯ ಕಡೆಗೆ ಒಮ್ಮೆ ನೋಡಿ, "ಕೋನ್ ದಾಟಿ ಇನ್ನೂ ಇಪ್ಪತ್ತು ಮೀಟರ್ ಜಾಗ ಬಾಕಿ ಇದೆ ಸಾರ್," ಎಂದರು. ಅಪ್ಪ ಲಕೋಟೆಯನ್ನು ವಾಪಸು ತೆಗೆದುಕೊಂಡು ಅದರ ಮೇಲೆ "20 ಮೀ." ಎಂದು ಬರೆದುಕೊಂಡರು.